ರಾಣಿಯರ ಗೌನಿನ ರೇಟು ಬಿಡಿ, ಕಸೂತಿ ಕಡೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಯ ಕೊನೇ ಪುಟದಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ರಿಸೆಪ್ಷನ್‌ದು ಒಂದು ಹಳೇ ಫೋಟೋ ಹಾಕಿದ್ರಲ್ಲ, ಬ್ರಿಟನ್ ಯುವರಾಜ ವಿಲಿಯಂ ಹೆಂಡತಿ ಕೇಟ್ ಮಿಡಲ್ಟನ್ ಕೆಂಪು ಗೌನ್ ಹಾಕ್ಕೊಂಡಿರೋದು, ಈ ಪತ್ರ ಅದರ ಬಗ್ಗೆನೇ. ಫೋಟೋ ತುಂಬಾ ಚೆನ್ನಾಗಿತ್ತು, ಆದ್ರೆ ಕೆಳಗೆ ಬರೆದಿದ್ದು ಮೂರೇ ಮೂರು ವಿಷಯ. ಗೌನಿನ ರೇಟು, ಅದನ್ನ ಹೊಲಿದ ಡಿಸೈನರ್ ಹೆಸರು, ಆಮೇಲೆ "ತಲೆ ಮೇಲೆ ಹೊಳೆಯುವ ಕಿರೀಟ" ಅಂತ. ನಾನು ಧಾರವಾಡದಲ್ಲಿ ಮೂವತ್ತು ವರ್ಷ ಹೊಲಿಗೆ ಕ್ಲಾಸ್ ನಡೆಸಿದೋಳು, ಕಸೂತಿ ಅವ್ವನಿಂದ ಕಲ್ತೋಳು. ಆ ಫೋಟೋ ನೋಡಿದಾಗ ನನ್ನ ಕಣ್ಣು ಹೋಗಿದ್ದು ರೇಟಿನ ಕಡೆ ಅಲ್ಲ, ಅವರ ಎಡ ಹೆಗಲ ಹತ್ರ ಪಿನ್ ಮಾಡಿದ್ದ ಒಂದು ಹಳದಿ ರಿಬ್ಬನ್ ಕಡೆ. ಅದರ ಬಗ್ಗೆ ನಿಮ್ಮ ಪೇಪರಲ್ಲಿ ಒಂದಕ್ಷರಾನೂ ಇರ್ಲಿಲ್ಲ, ಅದಕ್ಕೇ ಬೇಜಾರಾಗಿ ಬರೀತಿದೀನಿ.

ಆ ಫೋಟೋ 2022ರ ಡಿಸೆಂಬರ್‌ದು. ಲಂಡನ್ನಲ್ಲಿರೋ ಎಲ್ಲಾ ದೇಶದ ರಾಯಭಾರಿಗಳನ್ನ, ಹೈ ಕಮಿಷನರ್‌ಗಳನ್ನ ಕರೆದು ಅರಮನೆಯಲ್ಲಿ ಕೊಡೋ ರಿಸೆಪ್ಷನ್ ಅದು, ಚಾರ್ಲ್ಸ್ ರಾಜ ಆದ್ಮೇಲೆ ಮೊದಲನೇದು. ಎಲಿಜಬೆತ್ ರಾಣಿ ತೀರ್ಕೊಂಡಿದ್ದು ಸೆಪ್ಟೆಂಬರ್‌ನಲ್ಲಿ, ಮೂರು ತಿಂಗಳೂ ತುಂಬಿರ್ಲಿಲ್ಲ. ಆ ಹಳದಿ ರಿಬ್ಬನ್ ಮೇಲೆ ಕೂರಿಸಿದ್ದು ಅದೇ ಎಲಿಜಬೆತ್ ರಾಣಿಯ ಪುಟ್ಟ ಚಿತ್ರ, ಸುತ್ತ ವಜ್ರದ ಕಟ್ಟು. ಇದಕ್ಕೆ ರಾಯಲ್ ಫ್ಯಾಮಿಲಿ ಆರ್ಡರ್ ಅಂತಾರೆ, ರಾಜ ಅಥವಾ ರಾಣಿ ಆಗಿರೋರು ತಮ್ಮ ಮನೆಯ ಹೆಣ್ಣುಮಕ್ಕಳಿಗೆ ತಾವೇ ಮನಸ್ಸು ಮಾಡಿ ಕೊಡೋದು, ಮದುವೆಯಾಗಿ ಬಂದ ಕೂಡ್ಲೇ ಸಿಗಲ್ಲ. ಕೇಟ್ ಮದುವೆ ಆಗಿದ್ದು 2011ರಲ್ಲಿ, ಅದನ್ನ ಹಾಕ್ಕೊಂಡು ಮೊದಲು ಜನರಿಗೆ ಕಾಣಿಸಿದ್ದು 2018ರಲ್ಲಿ ನೆದರ್ಲೆಂಡ್ಸ್ ರಾಜ ಬಂದಾಗಿನ ಔತಣದಲ್ಲಿ. ಒಬ್ಬೊಬ್ಬರ ಕಾಲದ ರಿಬ್ಬನ್ನಿಗೆ ಒಂದೊಂದು ಬಣ್ಣ. ಐದನೇ ಜಾರ್ಜ್‌ದು ತಿಳಿ ನೀಲಿ, ಆರನೇ ಜಾರ್ಜ್‌ದು ಗುಲಾಬಿ, ಎಲಿಜಬೆತ್‌ದು ಹಳದಿ. ಎಲಿಜಬೆತ್ ರಾಣಿ ಇಂಥ ದಿನಗಳಲ್ಲಿ ತನ್ನ ಅಪ್ಪಂದು ಅಜ್ಜಂದು ಎರಡೂ ಹಾಕ್ಕೋತಿದ್ರು. ನಮ್ಮಲ್ಲಿ ಹಬ್ಬದ ದಿನ ಹಿರಿಯರ ಫೋಟೋಗೆ ಹಾರ ಹಾಕಿ ಕೈ ಮುಗಿದು ಆಮೇಲೆ ಊಟಕ್ಕೆ ಕೂರ್ತೀವಲ್ಲ, ನನಗೆ ಅದೇ ನೆನಪಾಯ್ತು. ತೀರ್ಕೊಂಡ ಅಜ್ಜಿಯ ಚಿತ್ರ ಎದೆ ಮೇಲೆ ಇಟ್ಕೊಂಡು ಅಷ್ಟು ದೇಶದವರ ಮುಂದೆ ನಿಂತ ಮೊಮ್ಮಗನ ಹೆಂಡತಿ, ಅದಲ್ವಾ ಸ್ವಾಮಿ ಆ ಫೋಟೋದಲ್ಲಿರೋ ಸುದ್ದಿ?

ಇನ್ನು ಆ "ಕಿರೀಟ". ಅದು ಕಿರೀಟ ಅಲ್ಲ, ಟಿಯಾರಾ. ಕಿರೀಟ ಅನ್ನೋದು ಪಟ್ಟಾಭಿಷೇಕಕ್ಕೆ, ಪಾರ್ಲಿಮೆಂಟ್ ಶುರು ಮಾಡೋ ದಿನಕ್ಕೆ, ಅದೂ ಪಟ್ಟದಲ್ಲಿರೋರಿಗೆ. ಟಿಯಾರಾ ರಾತ್ರಿ ಸಮಾರಂಭದ ಒಡವೆ, ಗಂಡಸರು ಉದ್ದ ಬಾಲದ ಕರಿ ಕೋಟು, ಬಿಳಿ ಬೋ ಟೈ ಕಟ್ಟೋ ಊಟಗಳಿಗೆ ಹೆಂಗಸರು ಹಾಕೋದು. ಅವತ್ತು ಕೇಟ್ ಹಾಕಿದ್ದಕ್ಕೆ ಲೋಟಸ್ ಫ್ಲವರ್ ಟಿಯಾರಾ ಅಂತ ಹೆಸರು, ಎಲಿಜಬೆತ್ ರಾಣಿಯ ತಾಯಿಗೆ 1923ರ ಮದುವೆಯಲ್ಲಿ ಬಂದ ನೆಕ್ಲೇಸನ್ನ ಒಡೆಸಿ ಮಾಡಿಸಿದ್ದು, ಆಮೇಲೆ ಚಿಕ್ಕ ಮಗಳು ಮಾರ್ಗರೆಟ್ ಹಾಕ್ಕೋತಿದ್ರು. ಅಜ್ಜಿ ಕಾಲದ ಅಡ್ಡಿಕೆ ಮುರಿಸಿ ಸೊಸೆಗೆ ಬೇರೆ ಒಡವೆ ಮಾಡಿಸೋದು ನಮ್ಮ ಮನೆಗಳಲ್ಲೂ ಇದ್ದಿದ್ದೇ, ಓದುಗರಿಗೆ ಥಟ್ಟನೆ ಅರ್ಥ ಆಗೋ ವಿಷಯ, ಬರೀಬಹುದಿತ್ತು.

ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣ ಬೇರೆ ಇದೆ. ಇಂಥ ಸಮಾರಂಭದಲ್ಲಿ ರಾಣಿ ಮಾತಾಡೋದು ತುಂಬಾ ಕಮ್ಮಿ, ಭಾಷಣ ಬೇರೆಯವರು ಬರೆದುಕೊಟ್ಟಿರ್ತಾರೆ, ಪಾಲಿಟಿಕ್ಸ್ ಬಾಯಲ್ಲಿ ತರೋ ಹಾಗಿಲ್ಲ. ಹಂಗಾಗಿ ಹೇಳ್ಬೇಕಾದ್ದನ್ನ ಬಟ್ಟೆ ಮೇಲೆ ಹೇಳ್ತಾರೆ. ಅದನ್ನ ಅಲ್ಲಿ ಸೂಜಿಯಲ್ಲಿ ಬರೆಯೋರು ನಮ್ಮಂಥ ಹೆಂಗಸರು. ಅದನ್ನ ಬಿಟ್ಟು ರೇಟು ಒಂದೇ ಬರೆದ್ರೆ ಒಂದು ಪತ್ರಾನ ಓದದೇ ಪೋಸ್ಟ್ ಕವರಿನ ಸ್ಟಾಂಪ್ ಎಷ್ಟು ಅಂತ ಹೇಳಿದ ಹಾಗಾಗುತ್ತೆ.

ಐರ್ಲೆಂಡ್ ಕಥೆ ಹೇಳ್ತೀನಿ ಕೇಳಿ. 2011ರ ಮೇ ತಿಂಗಳಲ್ಲಿ ಎಲಿಜಬೆತ್ ರಾಣಿ ಡಬ್ಲಿನ್‌ಗೆ ಹೋದ್ರು. ಅದಕ್ಕೆ ಮುಂಚೆ ಬ್ರಿಟಿಷ್ ದೊರೆ ಒಬ್ಬರು ಡಬ್ಲಿನ್‌ಗೆ ಹೋಗಿದ್ದು 1911ರಲ್ಲಿ ಇವರ ಅಜ್ಜ ಐದನೇ ಜಾರ್ಜ್, ಆವಾಗ ಐರ್ಲೆಂಡ್ ಇನ್ನೂ ಬ್ರಿಟಿಷರ ಕೈಯಲ್ಲೇ ಇತ್ತು. ನಡುವೆ ಪೂರಾ ನೂರು ವರ್ಷ, ಆ ನೂರು ವರ್ಷದಲ್ಲಿ ದಂಗೆ, ಗಲ್ಲು, ಸ್ವಾತಂತ್ರ್ಯದ ಯುದ್ಧ, ಆಮೇಲೆ ಉತ್ತರ ಐರ್ಲೆಂಡಿನ ಬಾಂಬು, ಸಾವು. ಅಂಥ ಊರಿಗೆ ಕಾಲಿಡೋವಾಗ ಏನು ಉಟ್ಕೋಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ವಿಮಾನ ಇಳಿಯೋವಾಗ ಹಸಿರು ಕೋಟು, ಹಸಿರು ಅಂದ್ರೆ ಐರಿಷ್ ಜನರ ಬಣ್ಣ. ಮರುದಿನ ರಾತ್ರಿ ಡಬ್ಲಿನ್ ಕ್ಯಾಸಲ್ ಔತಣಕ್ಕೆ ಬಿಳಿ ಗೌನ್, ರಾಣಿಯ ಡ್ರೆಸ್ ನೋಡ್ಕೋತಿದ್ದ ಏಂಜೆಲಾ ಕೆಲ್ಲಿ ಮಾಡಿಸಿದ್ದು, ಅದರ ಮೇಲೆ ರೇಷ್ಮೆಯಲ್ಲಿ ಮಾಡಿದ ಪುಟ್ಟಪುಟ್ಟ ಶ್ಯಾಮ್‌ರಾಕ್, ಅಂದ್ರೆ ಐರ್ಲೆಂಡಿನ ಗುರುತಾದ ಮೂರೆಲೆಯ ಸೊಪ್ಪು, ಒಂದೆರಡಲ್ಲ 2000ಕ್ಕೂ ಜಾಸ್ತಿ, ಎಲ್ಲಾ ಕೈಯಲ್ಲಿ ಹೊಲಿದಿದ್ದು. ಹೆಗಲ ಮೇಲೆ ಐರ್ಲೆಂಡಿನ ಹಾರ್ಪ್ ವಾದ್ಯದ ಆಕಾರದ ಬ್ರೋಚ್. ತಲೆಗೆ ಹಾಕಿದ ಟಿಯಾರಾ ಕೂಡ 1893ರಲ್ಲಿ ಅವರ ಅಜ್ಜಿ ಮೇರಿ ಮದುವೆಗೆ ಬ್ರಿಟನ್ ಮತ್ತು ಐರ್ಲೆಂಡಿನ ಹುಡುಗಿಯರು ದುಡ್ಡು ಕೂಡಿಸಿ ಕೊಟ್ಟ ಉಡುಗೊರೆ. ಆಮೇಲೆ ಎದ್ದು ನಿಂತು ಭಾಷಣದ ಮೊದಲ ಸಾಲನ್ನ ಐರಿಷ್ ಭಾಷೆಯಲ್ಲೇ ಹೇಳಿದ್ರು, ಪಕ್ಕದಲ್ಲಿ ಕೂತಿದ್ದ ಐರ್ಲೆಂಡ್ ಅಧ್ಯಕ್ಷೆ ಮೇರಿ ಮೆಕಲೀಸ್ ಬಾಯಿಂದ "ವಾವ್" ಅಂತ ಬಂದೇಬಿಡ್ತು, ವಿಡಿಯೋದಲ್ಲಿ ಇದೆ. ಎರಡು ಸಾವಿರ ಎಲೆ ಕೈಯಲ್ಲಿ ಹೊಲಿಯೋದು ಅಂದ್ರೆ ಎಷ್ಟು ಕಣ್ಣು, ಎಷ್ಟು ಬೆರಳು ನೋಯುತ್ತೆ ಅಂತ ನನಗೆ ಗೊತ್ತು. ಒಂದು ಬ್ಲೌಸಿಗೆ ನೂರು ಚಮ್ಕಿ ಹಚ್ಚೋಕೇ ನಮ್ಮ ಹುಡುಗೀರು ಸಂಜೆ ಹೊತ್ತಿಗೆ ಕುತ್ತಿಗೆ ಹಿಡ್ಕೊಂಡು ಕೂರೋರು.

1961ರಲ್ಲಿ ಅದೇ ರಾಣಿ ಕರಾಚಿಯ ಔತಣಕ್ಕೆ ಹೋದಾಗ ಬಿಳಿ ಸ್ಯಾಟಿನ್ ಗೌನಿಗೆ ಹಿಂದೆ ಪಚ್ಚೆ ಹಸಿರಿನ ನೆರಿಗೆ ಇಳಿಬಿಟ್ಟಿದ್ರು, ಪಾಕಿಸ್ತಾನದ ಬಾವುಟದ ಬಣ್ಣ. ಅದೇ ಟೂರಲ್ಲೇ ನಮ್ಮ ಬೆಂಗಳೂರಿಗೂ ಬಂದು ಲಾಲ್‌ಬಾಗಲ್ಲಿ ಗಿಡ ನೆಟ್ಟು ಹೋಗಿದ್ದು. ಆ ಗೌನ್ ಮಾಡಿದ ನಾರ್ಮನ್ ಹಾರ್ಟ್‌ನೆಲ್ಲೇ 1953ರ ಪಟ್ಟಾಭಿಷೇಕದ ಗೌನನ್ನೂ ಮಾಡಿದ್ದು, ಅದರಲ್ಲಿ ಕಾಮನ್‌ವೆಲ್ತ್ ದೇಶಗಳ ಗಿಡ ಹೂವು ಎಲ್ಲಾ ಕಸೂತಿಯಲ್ಲಿ ಬಂದಿದ್ವು, ಕೆನಡಾಕ್ಕೆ ಮೇಪಲ್ ಎಲೆ, ನ್ಯೂಜಿಲೆಂಡಿಗೆ ಜರಿಗಿಡ, ಪಾಕಿಸ್ತಾನಕ್ಕೆ ಗೋಧಿ ಹತ್ತಿ ಸೆಣಬು, ನಮಗೆ ತಾವರೆ, ಮುತ್ತು ಮುತ್ತಿನ ಚಿಪ್ಪು ಹಚ್ಚಿ ಮಾಡಿದ್ದು. ಅದರ ಎಡ ಮಗ್ಗುಲಲ್ಲಿ ರಾಣಿಗೂ ಹೇಳದೆ ಹಾರ್ಟ್‌ನೆಲ್ ಒಂದು ನಾಲ್ಕೆಲೆಯ ಶ್ಯಾಮ್‌ರಾಕ್ ಸೇರಿಸಿದ್ರು, ನಡೆಯೋವಾಗ ಅವರ ಕೈ ತಾಗಿ ಒಳ್ಳೇದಾಗ್ಲಿ ಅಂತ. ನಮ್ಮವ್ವ ಮದುವೆ ಸೀರೆಗೆ ಕಸೂತಿ ಹಾಕೋವಾಗ ಸೆರಗಿನ ಮೂಲೇಲಿ ಯಾರಿಗೂ ಕಾಣದ ಹಾಗೆ ಒಂದು ತುಳಸಿಕಟ್ಟೆ ಇಡ್ತಿದ್ಲು, ಕೇಳಿದ್ರೆ "ಅದು ಹುಡುಗಿಗೆ, ನೋಡೋರಿಗಲ್ಲ" ಅನ್ನೋಳು. ಅದಕ್ಕೇ ಇರ್ಬೇಕು ಈ ಕಥೆ ಓದಿದಾಗಿಂದ ಮನಸ್ಸಲ್ಲಿ ಉಳ್ಕೊಂಡಿದೆ.

ಬ್ರಿಟನ್ ಒಂದೇ ಯಾಕೆ, ನಮ್ಮ ಪೇಪರ್‌ಗಳಿಗೆ ರಾಣಿಯರು ಅಂದ್ರೆ ಲಂಡನ್ ಮಾತ್ರ ಕಾಣೋದು ನನಗೆ ಇನ್ನೊಂದು ಬೇಜಾರು. ಥಾಯ್ಲೆಂಡಿನ ಸಿರಿಕಿತ್ ರಾಣಿ ಬಗ್ಗೆ ಯಾರಾದ್ರೂ ಬರೀಬಾರದಾ? 1960ರಲ್ಲಿ ಗಂಡ ಭೂಮಿಬೋಲ್ ಜೊತೆ ಅಮೆರಿಕ, ಯೂರೋಪ್ ಕಡೆ ತಿಂಗಳುಗಟ್ಟಲೆ ಟೂರ್ ಹೊರಡೋವಾಗ ಅವರಿಗೆ ಇನ್ನೂ ಮೂವತ್ತು ತುಂಬಿರ್ಲಿಲ್ಲ. ಔತಣಗಳಿಗೆ ಏನು ಹಾಕ್ಕೊಳ್ಳೋದು ಅನ್ನೋ ಪ್ರಶ್ನೆ ಬಂತು. ನಮಗೆ ಸೀರೆ ಇದೆ, ಜಪಾನಿಗೆ ಕಿಮೋನೋ ಇದೆ, ಥಾಯ್ ಹೆಂಗಸರಿಗೆ ಇದೇ ನಮ್ಮ ರಾಷ್ಟ್ರೀಯ ಉಡುಪು ಅಂತ ಗೊತ್ತುಮಾಡಿದ್ದು ಆಗ ಒಂದೂ ಇರ್ಲಿಲ್ಲ. ಅವರು ಪಾಶ್ಚಾತ್ಯ ಗೌನ್ ತರಿಸಿ ಸುಮ್ಮನಾಗ್ಲಿಲ್ಲ, ಅರಮನೆ ಹೆಂಗಸರ ಹಳೇ ಫೋಟೋಗಳನ್ನ ತೆಗೆಸಿ, ತಿಳಿದವರನ್ನ ಕೂರಿಸಿ ಹುಡುಕಿಸಿದ್ರು, ಅದರಿಂದ ಬೆಳೆದಿದ್ದೇ ಎಂಟು ಥರದ ಥಾಯ್ ಉಡುಪು, ಒಂದೊಂದಕ್ಕೂ ಅರಮನೆಗಳ, ಸಭಾಂಗಣಗಳ ಹೆಸರು. ಹಗಲಿನ ಸಾದಾ ಕಾರ್ಯಕ್ರಮಕ್ಕೆ ಒಂದು, ರಾತ್ರಿ ದೊಡ್ಡ ಔತಣಕ್ಕೆ ಚಕ್ರಿ ಅನ್ನೋದು, ಅದರಲ್ಲಿ ಒಂದು ಹೆಗಲು ಬರಿದು, ಇನ್ನೊಂದು ಹೆಗಲ ಮೇಲೆ ನಮ್ಮ ಸೆರಗಿನ ಹಾಗೇ ಒಂದು ಬಟ್ಟೆ ಹಿಂದಕ್ಕೆ ಇಳಿಯುತ್ತೆ. ಪ್ಯಾರಿಸ್ಸಿನ ಪಿಯರ್ ಬಾಲ್ಮೇನ್ ಕೂಡ ಅವರಿಗೆ ಹೊಲಿದುಕೊಟ್ಟ, ಥಾಯ್ ರೇಷ್ಮೆಯಲ್ಲೇ.

ಅಲ್ಲಿಗೇ ಮುಗಿಸ್ಲಿಲ್ಲ ಆಕೆ. ಈಶಾನ್ಯದ ಬಡ ಹಳ್ಳಿಗಳಿಗೆ ಹೋದಾಗ ಅಲ್ಲಿನ ಹೆಂಗಸರು ಉಟ್ಟಿದ್ದ ಮುದ್ಮೀ ರೇಷ್ಮೆ ಕಣ್ಣಿಗೆ ಬಿತ್ತು. ಮುದ್ಮೀ ಅಂದ್ರೆ ನೇಯೋಕೆ ಮುಂಚೇನೇ ನೂಲನ್ನ ಗಂಟು ಕಟ್ಟಿ ಬಣ್ಣದಲ್ಲಿ ಅದ್ದೋದು, ನಮ್ಮ ಪಕ್ಕದ ಪೋಚಂಪಲ್ಲಿ ಸೀರೆಯ ಥರ. ಅದನ್ನ ನೇಯಿಸಿ ಕೊಂಡು ತಾವೇ ಉಟ್ಕೊಳ್ಳೋಕೆ ಶುರು ಮಾಡಿದ್ರು, 1976ರಲ್ಲಿ ಇಂಥ ನೇಕಾರರಿಗೆ, ಕೈಕಸುಬಿನೋರಿಗೆ ಅಂತ ಒಂದು ಸಂಸ್ಥೆನೇ ಕಟ್ಟಿದ್ರು. ಹಳ್ಳಿ ಹೆಂಗಸಿನ ಮಗ್ಗದಿಂದ ಇಳಿದ ಬಟ್ಟೆ ಪರದೇಶದ ಪ್ರಧಾನಿಗಳ ಎದುರು ಔತಣದ ಟೇಬಲ್ಲಿಗೆ ಹೋಯ್ತು. ಈಗ ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಆವರಣದಲ್ಲಿ ಅವರ ಹೆಸರಲ್ಲೇ ಬಟ್ಟೆಗಳ ಮ್ಯೂಸಿಯಂ ಇದೆ, ಸಾಯೋದ್ರೊಳಗೆ ಒಂದ್ಸಲ ಹೋಗಿ ಆ ನೂಲು ಹತ್ರದಿಂದ ನೋಡ್ಬೇಕು ಅಂತ ಆಸೆ ನನಗೆ.

ಹಂಗೇ ಭೂತಾನಿನ ರಾಣಿ ಜೆಟ್ಸುನ್ ಪೆಮಾ. ದೆಹಲಿಗೆ ಬರ್ಲಿ, 2023ರಲ್ಲಿ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೋಗ್ಲಿ, ಕೀರಾನೇ. ಕೀರಾ ಅಂದ್ರೆ ಉದ್ದನೆಯ ಕೈಮಗ್ಗದ ಬಟ್ಟೆ, ಮೈಗೆ ಸುತ್ತಿ ಉಡೋದು, ಮೇಲೆ ತೇಗೋ ಅನ್ನೋ ಜಾಕೀಟು, ಹೆಗಲ ಮೇಲೆ ರಾಚು ಅನ್ನೋ ನೇಯ್ದ ಪಟ್ಟಿ, ರಾಚು ಇಲ್ದೇ ಸರ್ಕಾರಿ ಸಮಾರಂಭಕ್ಕೆ ಹೋಗೋ ಹಾಗಿಲ್ಲ. ಅದರಲ್ಲಿ ಕಿಶುಥಾರ ಅನ್ನೋ ನೇಯ್ಗೆ ಒಂದಿದೆ, ದೂರದಿಂದ ನೋಡಿದ್ರೆ ಕಸೂತಿ ಹಾಕಿದಾರೆ ಅನ್ಸುತ್ತೆ, ಆದ್ರೆ ಮಗ್ಗದಲ್ಲೇ ಬೆರಳಿಂದ ಒಂದೊಂದು ಎಳೆ ಎತ್ತಿ ಸೇರಿಸ್ತಾ ಹೋಗೋದು, ಒಂದು ಕೀರಾ ಇಳಿಯೋಕೆ ತಿಂಗಳುಗಟ್ಟಲೆ ಬೇಕು. 2016ರಲ್ಲಿ ಕೇಟ್ ಥಿಂಪುಗೆ ಹೋದಾಗ ಭೂತಾನಿನ ಬಟ್ಟೆಯಲ್ಲೇ ಲಂಗ ಮಾಡಿಸಿ ಹಾಕ್ಕೊಂಡು ರಾಣಿ ಪಕ್ಕ ನಿಂತಿದ್ರು. ಆ ಫೋಟೋ ನೋಡಿದಾಗ ನನಗಂತೂ ತುಂಬಾ ಖುಷಿ ಆಗಿತ್ತು, ಅತಿಥಿ ಬಂದು ನಿಮ್ಮ ಮನೆ ಅಡುಗೆನೇ ಕೇಳಿ ಹಾಕಿಸ್ಕೊಂಡ ಹಾಗೆ.

ಹಳೇ ಡ್ರೆಸ್ ಮತ್ತೆ ಹಾಕಿದ್ರು ಅಂತ ದೊಡ್ಡ ಸುದ್ದಿ ಮಾಡ್ತೀರಲ್ಲ ಅದನ್ನೂ ದಯವಿಟ್ಟು ಬಿಡಿ. ಜಪಾನಿನ ರಾಜಕುಮಾರಿ ಐಕೋ 2021ರಲ್ಲಿ ಇಪ್ಪತ್ತು ತುಂಬಿದಾಗ ಪದ್ಧತಿ ಪ್ರಕಾರ ಹೊಸ ಟಿಯಾರಾ ಮಾಡಿಸ್ಬೇಕಿತ್ತು, ಕೊರೋನಾದಲ್ಲಿ ಜನ ಕಷ್ಟದಲ್ಲಿದ್ದಾರೆ ಅಂತ ಬೇಡ ಅಂದು ಅತ್ತೆ ಸಯಾಕೋ ಅವರದ್ದನ್ನ ಕೇಳಿ ಹಾಕ್ಕೊಂಡ್ರು. ಎಷ್ಟು ದೊಡ್ಡ ಮನಸ್ಸಿನ ಕೆಲಸ ಅದು! ಬಟ್ಟೆ ಒಡವೆ ಮತ್ತೆ ಹಾಕೋದು ಕೊರತೆ ಅಲ್ಲ, ನಮ್ಮ ಮನೆಗಳಲ್ಲಿ ಅಜ್ಜಿ ಸೀರೆ ಉಟ್ಟು ಮದುವೆಗೆ ಹೋಗೋ ಹುಡುಗೀನ ಯಾರೂ ಹಂಗೆ ಅನ್ನಲ್ಲ.

ನಮಗೆ ಇದೆಲ್ಲ ದೂರದ ಮಾತು ಅಂತ ನೀವು ಅಂದ್ಕೋಬಹುದು. ನಮ್ಮ ಹುಬ್ಬಳ್ಳೀಲಿ ಹುಟ್ಟಿದ ಅಕ್ಷತಾ ಮೂರ್ತಿ 2022ರಿಂದ 2024ರವರೆಗೂ ಬ್ರಿಟನ್ ಪ್ರಧಾನಿಯ ಹೆಂಡತಿಯಾಗಿದ್ರು, ಆವಾಗ ನಮ್ಮ ಓಣಿಯ ಹೆಂಗಸರೆಲ್ಲ ಆ ಫೋಟೋಗಳನ್ನ ಮೊಬೈಲಲ್ಲಿ ದೊಡ್ಡದು ಮಾಡಿ ಮಾಡಿ ನೋಡ್ತಿದ್ರು. ಮೈಸೂರಲ್ಲಿ ನಾಲ್ವಡಿಯವರು 1912ರಲ್ಲಿ ಸ್ವಿಟ್ಜರ್ಲೆಂಡಿಂದ ಮಗ್ಗ ತರಿಸಿ ರೇಷ್ಮೆ ಫ್ಯಾಕ್ಟರಿ ಶುರು ಮಾಡಿದ್ದು ಮೊದಲು ಅರಮನೆಗೆ ಬೇಕಾದ ಬಟ್ಟೆಗೇ, ಆಮೇಲೆ ಅದು ಎಲ್ಲರ ಮನೆಯ ಮೈಸೂರು ಸಿಲ್ಕ್ ಆಯ್ತು. ಲಂಡನ್ನಿನ ಆ ರಿಸೆಪ್ಷನ್‌ಗೆ ಬೇರೆ ದೇಶದವರು ತಮ್ಮ ತಮ್ಮ ಉಡುಪಲ್ಲೇ ಬರಬಹುದು, ಅಂದ್ರೆ ಸೀರೆ ಉಟ್ಟು ಹೋಗೋದಕ್ಕೆ ಅಲ್ಲಿ ಅಡ್ಡಿ ಇಲ್ಲ. ಒಂದು ಇಳಕಲ್ ಸೀರೆ, ಅದರ ತುಂಬ ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಅನ್ನೋ ಕಸೂತಿಯ ನಾಲ್ಕೂ ಹೊಲಿಗೆ, ಅರಮನೆಯ ಆ ಹಾಲ್ ಒಳಗೆ ಹೋಗಿ ನಿಂತ್ರೆ ಹೆಂಗಿರುತ್ತೆ ಅಂತ ಎಷ್ಟೋ ಸಲ ಕಣ್ಮುಚ್ಚಿ ಯೋಚ್ನೆ ಮಾಡಿದೀನಿ.

ಅದಕ್ಕೆ ಕೇಳ್ಕೊಳ್ಳೋದು ಇಷ್ಟೇ. ಮುಂದಿನ ಸಲ ಇಂಥ ಫೋಟೋ ಹಾಕೋವಾಗ ರೇಟಿನ ಜಾಗದಲ್ಲಿ ಎರಡು ಸಾಲು, ಆ ಬಣ್ಣ ಯಾಕೆ, ಆ ಹೂವು ಯಾವ ದೇಶದ್ದು, ಸಿಕ್ಕಿದ್ರೆ ಕಸೂತಿ ಎಲ್ಲಿ ಮಾಡಿದ್ದು ಅಂತ ಹಾಕಿ. ಗೌನಿನ ಕಸೂತಿ ಹತ್ರದಿಂದ ಕಾಣೋ ಒಂದು ಸಣ್ಣ ಫೋಟೋ ಪಕ್ಕದಲ್ಲಿ ಬಂದ್ರೆ ಹೊಲಿಗೆ ಕಲಿಯೋ ಹುಡುಗೀರು ಅದನ್ನ ಕತ್ತರಿಸಿ ಇಟ್ಕೋತಾರೆ, ನಾನೂ ಇಟ್ಕೋತೀನಿ. ಅದರ ಜೊತೆ ಹಾಕೋಕೆ ಬೇಕಾದ್ರೆ ನಮ್ಮವ್ವನ ಚಂದ್ರಕಾಳಿ ಸೀರೆ ನನ್ನ ಹತ್ರ ಇದೆ, ಮೂಲೆಯ ಆ ತುಳಸಿಕಟ್ಟೆ ಇನ್ನೂ ಒಂದೆಳೆ ಬಿಚ್ಚಿಲ್ಲ, ಫೋಟೋ ತೆಗೆಸಿ ಕಳಿಸಿಕೊಡ್ತೀನಿ.

ನಿಮ್ಮ ಓದುಗಾರ್ತಿ,
ಧಾರವಾಡ