ಈ ಡೇಟಾ ಎಲ್ಲಿಂದ ಬಂತು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎಐ (ಕೃತಕ ಬುದ್ಧಿಮತ್ತೆ) ಮಾಡೆಲ್‌ಗೆ ಕಲಿಸಲು ಕೊಟ್ಟ ಫೋಟೊಗಳು ಎಲ್ಲಿಂದ ಬಂದವು ಅಂತ ಮೀಟಿಂಗಿನಲ್ಲಿ ಕೇಳಿದೆಯಂತೆ, ಎಲ್ಲರೂ ಸುಮ್ಮನಾದರಂತೆ. "ಹೀಗೆ ಕೇಳ್ತಾ ಹೋದರೆ ನನ್ನ ಕೆಲಸ ಉಳಿಯುತ್ತಾ?" ಅಂತ ಬರೆದಿದ್ದೀಯ. ನನಗೆ ತಕ್ಷಣ ನೆನಪಾದದ್ದು ಎಐ ಸಂಶೋಧಕಿ ಟಿಮ್ನಿಟ್ ಗೆಬ್ರು.

ಅವರು ಹುಟ್ಟಿದ್ದು ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ. ಎರಿಟ್ರಿಯಾ ಜೊತೆಗಿನ ಯುದ್ಧದ ಕಾಲದಲ್ಲಿ, ಹದಿಹರೆಯದಲ್ಲೇ ದೇಶ ಬಿಟ್ಟರು. ಕೊನೆಗೆ ಅಮೆರಿಕದಲ್ಲಿ ಆಶ್ರಯ ಸಿಕ್ಕಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಆಪಲ್‌ನಲ್ಲಿ ಆಡಿಯೊ ಸರ್ಕ್ಯೂಟ್‌ಗಳ ಕೆಲಸ ಮಾಡಿದರು. ಎಐಗೆ ಬಂದದ್ದು ಆಮೇಲೆ.

ಆ ಸರ್ಕ್ಯೂಟ್ ಕೆಲಸ ಅವರ ಕೈಬಿಡಲಿಲ್ಲ ನೋಡು. ಒಂದು ಪುಟ್ಟ ರೆಸಿಸ್ಟರ್‌ಗೂ ಡೇಟಾಶೀಟ್ ಇರುತ್ತದೆ. ಎಷ್ಟು ಬಿಸಿ ತಡೆಯುತ್ತದೆ, ಎಷ್ಟು ವೋಲ್ಟೇಜ್ ದಾಟಬಾರದು, ಎಲ್ಲ ಬರೆದಿರುತ್ತದೆ. ಲಕ್ಷಾಂತರ ಜನರ ಮುಖ ತುಂಬಿದ ಡೇಟಾಸೆಟ್‌ಗೆ, ಅಂದರೆ ಮಾಡೆಲ್‌ಗೆ ಕಲಿಸಲು ಕೂಡಿಟ್ಟ ಡೇಟಾ ಸಂಗ್ರಹಕ್ಕೆ, ಮಾತ್ರ ಅಂಥ ಒಂದು ಚೀಟಿಯೂ ಇರುತ್ತಿರಲಿಲ್ಲ. ಅದಕ್ಕೂ ಡೇಟಾಶೀಟ್ ಬೇಕು ಅಂತ 2018ರಲ್ಲಿ ಗೆಬ್ರು ಮತ್ತು ಜೊತೆಗಾರರು ಬರೆದರು. ಯಾರು ಸಂಗ್ರಹಿಸಿದರು? ಯಾಕೆ? ಫೋಟೊದಲ್ಲಿರುವವರು ಒಪ್ಪಿದ್ದರಾ? ಯಾವುದಕ್ಕೆ ಬಳಸಬಾರದು? ನೀನು ಮೀಟಿಂಗಿನಲ್ಲಿ ಕೇಳಿದ್ದೂ ಇದನ್ನೇ ಅಲ್ವಾ?

ಅದೇ ವರ್ಷ ಸಂಶೋಧಕಿ ಜಾಯ್ ಬುಲಮ್ವಿನಿ ಜೊತೆ ಗೆಬ್ರು ಮಾಡಿದ ಇನ್ನೊಂದು ಅಧ್ಯಯನ ಬಂತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದಾಗ ಒಂದು ಸಾಫ್ಟ್‌ವೇರ್ ಜಾಯ್ ಅವರ ಕಪ್ಪು ಮುಖವನ್ನು ಗುರುತಿಸಲೇ ಇಲ್ಲ. ಬಿಳಿ ಮುಖವಾಡ ಹಾಕಿಕೊಂಡಾಗ ಗುರುತಿಸಿತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ. ಇಬ್ಬರೂ ಸೇರಿ ಆಫ್ರಿಕಾ ಮತ್ತು ಯುರೋಪಿನ ಆರು ದೇಶಗಳ 1270 ಸಂಸದರ ಫೋಟೊ ಇಟ್ಟುಕೊಂಡು ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳಬೇಕು, ಅಷ್ಟೇ. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8 ದಾಟಲಿಲ್ಲ. ಕಪ್ಪು ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೂ ಹೋಯಿತು. ಒಟ್ಟು ಲೆಕ್ಕದಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಬಿಡಿಸಿ ನೋಡಿದಾಗಲೇ ಹುಳುಕು ಹೊರಬಿತ್ತು.

ಈಗ ನಿನ್ನ ಭಯದ ವಿಷಯ. ಸುಳ್ಳು ಧೈರ್ಯ ಹೇಳಲಾರೆ. ಗೆಬ್ರು ಗೂಗಲ್‌ನಲ್ಲಿ ಎಐ ನೈತಿಕತೆಯ ತಂಡವನ್ನು ಮಾರ್ಗರೆಟ್ ಮಿಚೆಲ್ ಜೊತೆ ನಡೆಸುತ್ತಿದ್ದರು. ದೊಡ್ಡ ಭಾಷಾ ಮಾಡೆಲ್‌ಗಳು (ಬರಹ ಹೆಣೆಯುವ ಎಐ) ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತವೆ, ಕಲಿತ ಪಕ್ಷಪಾತವನ್ನೂ ಒಪ್ಪಿಸುತ್ತವೆ ಅಂತ ಗೆಬ್ರು ಮತ್ತು ಕೆಲವರು ಸೇರಿ ಒಂದು ಪ್ರಬಂಧ ಬರೆದರು. ಅದನ್ನು ವಾಪಸ್ ತೆಗೆದುಕೊಳ್ಳಿ, ಇಲ್ಲವೇ ನಮ್ಮ ಉದ್ಯೋಗಿಗಳ ಹೆಸರು ತೆಗೆಯಿರಿ ಎಂದಿತು ಕಂಪನಿ. 2020ರ ಡಿಸೆಂಬರ್‌ನಲ್ಲಿ ಗೆಬ್ರು ಅವರ ಕೆಲಸ ಹೋಯಿತು. ಕಂಪನಿ ಅದನ್ನು ರಾಜೀನಾಮೆ ಎಂದಿತು, ಗೆಬ್ರು ವಜಾ ಎಂದರು. ಪ್ರಬಂಧ ಮಾತ್ರ 2021ರ ಮಾರ್ಚ್‌ನಲ್ಲಿ ಹೊರಬಂತು. ಕೆಲಸ ಹೋಗಿ ಒಂದು ವರ್ಷಕ್ಕೆ ಸರಿಯಾಗಿ ಅವರು ಡೇರ್ ಎಂಬ ಸ್ವತಂತ್ರ ಸಂಶೋಧನಾ ಸಂಸ್ಥೆ ಶುರು ಮಾಡಿದರು.

ಕೆಲಸ ಹೋದಾಗ ಅವರು ಒಂಟಿಯಾಗಿರಲಿಲ್ಲ. ಗೂಗಲ್‌ನೊಳಗಿನವರೂ ಹೊರಗಿನವರೂ ಸೇರಿ ಸಾವಿರಾರು ಜನ ಅವರ ಪರವಾದ ಪತ್ರಕ್ಕೆ ಸಹಿ ಹಾಕಿದರು. ಇದಕ್ಕೂ ಮೊದಲು, 2016ರಲ್ಲಿ ಒಂದು ದೊಡ್ಡ ಎಐ ಸಮ್ಮೇಳನಕ್ಕೆ ಹೋದಾಗ, ಸಾವಿರಾರು ಜನರ ನಡುವೆ ಅವರಿಗೆ ಕಂಡ ಕಪ್ಪು ಜನ ಆರೇ ಆರು. ಮರುವರ್ಷವೇ ಗೆಳತಿ ರೆಡಿಯೆಟ್ ಅಬೆಬೆ ಜೊತೆ ಎಐ ಕ್ಷೇತ್ರದ ಕಪ್ಪು ಜನರ ಬಳಗ, ಬ್ಲ್ಯಾಕ್ ಇನ್ ಎಐ ಕಟ್ಟಿದರು. ಕಷ್ಟ ಬರುವ ಮೊದಲೇ ಜೊತೆಗಾರರನ್ನು ಮಾಡಿಕೊಂಡಿದ್ದರು. ನಿನಗೂ ಅದನ್ನೇ ಹೇಳುತ್ತೇನೆ. ಮೀಟಿಂಗಿನಲ್ಲಿ ಸುಮ್ಮನಿದ್ದವರೆಲ್ಲ ನಿನ್ನ ವಿರೋಧಿಗಳಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡು.

ಆ ಡೇಟಾಶೀಟ್ ಪ್ರಶ್ನೆಗಳನ್ನು ಇದರ ಜೊತೆ ಕಳಿಸಿದ್ದೇನೆ. ನಿನಗೆ ಉತ್ತರ ಗೊತ್ತಿರುವುದನ್ನು ತುಂಬು, ಗೊತ್ತಿಲ್ಲದ್ದನ್ನು ಖಾಲಿ ಬಿಡು. ಭಾನುವಾರ ಫೋನ್ ಮಾಡು, ಆ ಖಾಲಿ ಜಾಗಗಳನ್ನು ಯಾರ ಮುಂದೆ, ಹೇಗೆ ಇಡಬೇಕು ಅಂತ ಕೂತು ಯೋಚಿಸೋಣ.

ನಿನ್ನವ