ರಾತ್ರಿ ಫ್ಯಾನ್ ಹಚ್ಚು, ಮಗಳೇ

ಚಿ. ಸೌ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಪತ್ರ ಮುಟ್ಟಿತು. ಇಲ್ಲಿಯ ಸುದ್ದಿ ಎಲ್ಲ ನಿನ್ನ ಚಿಗವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಫೋನಿನಲ್ಲಿ ನೀನು ಹೇಳದ ಒಂದು ಮಾತು ಪತ್ರದ ಕೊನೆಗೆ ಇತ್ತು. ಅದಕ್ಕೇ ಈ ಪತ್ರ.

ಈ ತಿಂಗಳ ಲೆಕ್ಕ ಆಗಲೇ 171 ಯೂನಿಟ್ ಆಗಿದೆ, ರೀಡಿಂಗಿಗೆ ಇನ್ನೂ ಐದು ದಿನ ಇದೆ, 200 ದಾಟಬಾರದು ಅಂತ ರಾತ್ರಿ ಫ್ಯಾನ್ ಆರಿಸಿ ಕೂಸಿಗೆ ಬೀಸಣಿಗೆ ಬೀಸುತ್ತೇನೆ, ಕೈ ನೋಯುತ್ತದೆ ಅಷ್ಟೇ. ಹೀಗೆ ಬರೆದಿದ್ದೀಯ. ಆ "ಅಷ್ಟೇ" ಓದಿ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವಿಜಯಪುರದ ಏಪ್ರಿಲ್ ನನಗೆ ಗೊತ್ತಿಲ್ಲವಾ? ಹಗಲು 40 ಡಿಗ್ರಿ ಬಿಸಿಲಿಗೆ ಕಾದ ತಾರಸಿ ನಡುರಾತ್ರಿ ದಾಟಿದರೂ ಮೇಲಿಂದ ಝಳ ಬಿಡುತ್ತಲೇ ಇರುತ್ತದೆ. ಅದರ ಕೆಳಗೆ ಎಂಟು ತಿಂಗಳ ಕೂಸು. ಅಳಿಯಂದಿರಿಗೆ ಇದು ಗೊತ್ತಿದೆಯಾ?

ನಿನ್ನ ಹೆದರಿಕೆ ಸುಳ್ಳು ಅಂತ ನಾನು ಅನ್ನುವುದಿಲ್ಲ. 200 ದಾಟಿದರೆ ಸರ್ಕಾರದ ಗೃಹಜ್ಯೋತಿ ಮಾಫಿ ಹೋಗಿ ಪೂರ್ತಿ ಬಿಲ್ ಕಟ್ಟಬೇಕು, ನಿಜ. ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ. 25 ದಿನಕ್ಕೆ 171 ಅಂದರೆ ದಿನಕ್ಕೆ ಹತ್ತಿರ ಹತ್ತಿರ ಏಳು. ಇನ್ನು ಐದು ದಿನಕ್ಕೆ 35. ಫ್ಯಾನ್ ಸೇರಿ ಒಟ್ಟು 206 ಆಗುತ್ತದೆ. ಈಗ ಫ್ಯಾನ್ ನೋಡು. ಹಳೇ ಫ್ಯಾನ್ 75 ವಾಟ್ ಹಿಡಿ. ಎಂಟು ತಾಸು ತಿರುಗಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಐದು ರಾತ್ರಿಗೆ ಮೂರು ಯೂನಿಟ್. ಅಂದರೆ ನೀನು ಐದೂ ರಾತ್ರಿ ನಿದ್ದೆಗೆಟ್ಟು ಬೀಸಿದರೂ 203 ಆಗುತ್ತದೆ. ದಾಟುವುದು ದಾಟಿಯೇ ದಾಟುತ್ತದೆ.

ಗೀಸರ್ ದಿನಕ್ಕೆ ಒಂದು ತಾಸು ಉರಿಯುತ್ತದೆ ಅಂತ ನೀನೇ ಬರೆದಿದ್ದೀಯ. ಅದು 2000 ವಾಟ್. ಅರ್ಧ ತಾಸಿಗೇ ಒಂದು ಯೂನಿಟ್ ತಿನ್ನುತ್ತದೆ. ಐದು ದಿನ ಬಂದ್ ಇಟ್ಟರೆ ಹತ್ತು ಯೂನಿಟ್ ಉಳಿಯಿತು, ಫ್ಯಾನ್ ತಿರುಗಿಯೂ 196ಕ್ಕೆ ನಿಂತಿತು. ಈ ಬಿಸಿಲಿಗೆ ನಿಮ್ಮ ತಾರಸಿಯ ಟಾಕಿಯಲ್ಲಿ ನೀರು ಸಂಜೆ ಹೊತ್ತಿಗೆ ಸುಡುತ್ತಿರುತ್ತದೆ. ಕೂಸಿಗೆ ನೀರು ಎರೆಯುವುದನ್ನು ಸಂಜೆಗೆ ಇಟ್ಟುಕೊ. ನಿಮ್ಮ ಅತ್ತೆಯವರಿಗೆ ಬೆಳಿಗ್ಗೆ ಬಿಸಿನೀರೇ ಆಗಬೇಕು ಅಂದರೆ ಅವರಿಗೆ ಮಾತ್ರ ಒಂದು ಪಾತ್ರೆ ಕಾಯಿಸಿ ಕೊಡು. ಬೇರೆ ಮನೆಯ ಒಳಗಿನ ಮಾತು, ನಾನು ಹೇಳಬಾರದು. ಆದರೂ ಹೇಳಿದೆ.

ಇಷ್ಟು ಒತ್ತಿ ಯಾಕೆ ಹೇಳುತ್ತೇನೆ ಅಂದರೆ, ಇದೇ ತಪ್ಪು ನಾನು ಮಾಡಿದ್ದೇನೆ.

ನಮ್ಮ ಹಳೇ ಬಾಗಲಕೋಟೆ ಮನೆ ನೀನು ನೋಡಿಲ್ಲ. ಎರಡು ಮೊಳ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಧ್ಯಾಹ್ನ ಪಡಸಾಲೆಯಲ್ಲಿ ಬರಿನೆಲದ ಮೇಲೆ ಮಲಗಿದರೆ ಬೆನ್ನು ತಣ್ಣಗಾಗುತ್ತಿತ್ತು. ಫ್ಯಾನಿನ ಮಾತೇ ಇರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಅದು ಹೋಯಿತು. ನವನಗರಕ್ಕೆ ಬಂದು ಸಿಮೆಂಟಿನ ಮನೆ ಕಟ್ಟಿದೆವು. ನಿನ್ನ ಮುತ್ಯಾಗೆ, ಅಂದರೆ ನನ್ನ ಅಪ್ಪನಿಗೆ, ಆ ಮನೆಯ ಧಗೆ ಕೊನೆಗೂ ಒಗ್ಗಲಿಲ್ಲ. ಹಗಲೂ ರಾತ್ರಿ ಫ್ಯಾನ್ ಬೇಕಾಗುತ್ತಿತ್ತು.

ಒಂದು ಬೇಸಿಗೆ ಬಿಲ್ ಎರಡು ಪಟ್ಟು ಬಂತು. ಕಣ್ಣೆದುರು ತಿರುಗುತ್ತಿದ್ದದ್ದು ಅಪ್ಪನ ಫ್ಯಾನ್ ಅಲ್ವಾ, ಅದರ ಮೇಲೇ ನನ್ನ ಸಿಟ್ಟು. ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಸ್ವಿಚ್ ಆರಿಸಿದೆ. ರೆಕ್ಕೆ ಪೂರ್ತಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ. ಅಪ್ಪನಿಗೆ ಎಚ್ಚರವಿತ್ತು. ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ನೋಡಿದರೆ ಹೊರಸು ಬಿಟ್ಟು, ಧೋತರ ತೊಯ್ಸಿ ನೆಲಕ್ಕೆ ಹಾಸಿ ಅದರ ಮೇಲೆ ಮಲಗಿದ್ದ.

ಎರಡು ತಿಂಗಳಾದ ಮೇಲೆ ಗೊತ್ತಾಯಿತು. ಹಿತ್ತಲ ಗೋಡೆಯ ಹಿಂದೆ ಟಾಕಿಯ ಪೈಪು ಸೋರುತ್ತಿತ್ತು. ತುಂಬಿದ ನೀರೆಲ್ಲ ಹರಿದು ಹೋಗಿ ದಿನಾ ತಾಸುಗಟ್ಟಲೆ ಮೋಟಾರ್ ಓಡುತ್ತಿತ್ತು. ಒಂದು ಎಚ್‌ಪಿ ಮೋಟಾರಿಗೆ ತಾಸಿಗೆ ಸುಮಾರು ಒಂದು ಯೂನಿಟ್. ಪೈಪು ಸರಿ ಮಾಡಿಸಿದೆ, ಬಿಲ್ ಇಳಿಯಿತು. ಓಡಿ ಹೋಗಿ "ಅಪ್ಪಾ, ಇನ್ನು ಫ್ಯಾನ್ ಹಚ್ಚಿಕೋ" ಅಂದೆ. "ಇರಲಿ ಬಿಡೋ, ಗಾಳಿ ಐತಿ" ಅಂದ. ಆಮೇಲೆ ಎಷ್ಟು ಸಲ ಹೇಳಿದರೂ ಅದೇ ಮಾತು. ನಾನು ಹಚ್ಚಿದರೆ ಸುಮ್ನೆ ಇರುತ್ತಿದ್ದ, ತಾನಾಗಿ ಆ ಸ್ವಿಚ್ ಮುಟ್ಟಲಿಲ್ಲ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಕರೆಂಟ್ ತಯಾರಾಗುವ ಯಂತ್ರಗಳಿವೆ. ಆ ನೀರಿಗೆ ಮನೆ ಬಿಟ್ಟುಕೊಟ್ಟು ಬಂದ ಮನುಷ್ಯನಿಗೆ ನಾನು ಒಂದು ಫ್ಯಾನಿನ ಗಾಳಿ ಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೂಸಿನ ಫ್ಯಾನ್ ಮುಟ್ಟಬೇಡ.

ಕಣ್ಣಿಗೆ ಕಾಣದ್ದನ್ನು ಹುಡುಕು. ಒಂದು ರಾತ್ರಿ ಎರಡು ನಿಮಿಷ ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನದೂ ಆರಿಸಿ, ಮೀಟರಿನ ಕೆಂಪು ದೀಪ ನೋಡು. ಆಗಲೂ ಮಿಣುಕುತ್ತಿದ್ದರೆ ನಿನ್ನ ಮೀಟರಿಗೆ ಬೇರೇನೋ ಹತ್ತಿದೆ. ಬಾಡಿಗೆ ಮನೆ. ಮೆಟ್ಟಿಲ ದೀಪವೋ, ಮಾಲೀಕರ ಮೋಟಾರೋ ನಿನ್ನ ಲೆಕ್ಕಕ್ಕೆ ಬರುತ್ತಿರಬಹುದು. ಜಗಳ ಆಡಬೇಡ, ಅಳಿಯಂದಿರು ಹೋಗಿ ಸಮಾಧಾನದಿಂದ ಕೇಳಲಿ. ತಾರಸಿಗೆ ಎರಡು ಕೈ ಸುಣ್ಣ ಹೊಡೆಯಲು ಒಪ್ಪುತ್ತಾರಾ ಅಂತಲೂ ಅವರನ್ನು ಕೇಳಬೇಕು. ಬಿಳಿ ತಾರಸಿ ಅಷ್ಟು ಕಾಯುವುದಿಲ್ಲ. ಖರ್ಚು ನಾವೇ ಕೊಡುತ್ತೇವೆ ಅಂದರೆ ಬೇಡ ಅನ್ನಲಾರರು. ಇನ್ನೇನೋ ಹೇಳಬೇಕಿತ್ತು. ಹಾಂ, ಫ್ರಿಜ್ ಗೋಡೆಗೆ ಅಂಟಿ ನಿಂತಿದ್ದರೆ ಒಂದು ಗೇಣು ಮುಂದಕ್ಕೆ ಎಳೆ. ಇವೆಲ್ಲ ನಿನಗೆ ಗೊತ್ತೇ ಇರಬಹುದು.

ಈಗ ಬಿಎಲ್‌ಡಿಸಿ ಫ್ಯಾನ್ ಅಂತ ಬಂದಿವೆ. ಗಾಳಿ ಅಷ್ಟೇ, ಕರೆಂಟ್ ಸುಮಾರು 30 ವಾಟ್. ಒಂದು ತೆಗೆದುಕೊಂಡು ಇಟ್ಟಿದ್ದೇನೆ. ಬರುವ ಭಾನುವಾರ ನಿನ್ನ ತಮ್ಮ ಬಸ್ಸಿಗೆ ತರುತ್ತಾನೆ. ಬೇಡ ಅನ್ನಬೇಡ, ನಿನಗಲ್ಲ, ಕೂಸಿಗೆ. ಅದು ಬರುವವರೆಗೂ ಹಳೆಯದನ್ನೇ ಹಚ್ಚು. ಇಷ್ಟೆಲ್ಲ ಮಾಡಿಯೂ 200 ದಾಟಿದರೆ ದಾಟಲಿ, ಆ ಬಿಲ್ ನನಗೆ ಕಳಿಸು.

ಉತ್ತರ ಉದ್ದ ಬರೆಯಬೇಕಾಗಿಲ್ಲ. ಇವತ್ತು ರಾತ್ರಿ ಫ್ಯಾನ್ ಹಚ್ಚಿದೆಯೋ ಇಲ್ಲವೋ, ಅದೊಂದು ತಿಳಿಸು.

ನಿನ್ನ ಕಾಕಾ
ನವನಗರ, ಬಾಗಲಕೋಟೆ