'ರೀಕೊ' ಅಂದರೆ ಬರೀ ಶ್ರೀಮಂತ ಅಲ್ಲ

ಪ್ರೀತಿಯ ಗೆಳೆಯಾ,

ಸ್ಪ್ಯಾನಿಷ್ ಪಾಠದಲ್ಲಿ 'ರೀಕೊ' ಅಂದರೆ ಶ್ರೀಮಂತ ಅಂತ ಹೇಳಿಕೊಟ್ಟರು, ಆದರೆ ಅಡುಗೆ ವಿಡಿಯೋಗಳಲ್ಲೆಲ್ಲ ಅದೇ ಪದ ಯಾಕೆ ಬರುತ್ತದೆ ಅಂತ ಕೇಳಿದ್ದೆಯಲ್ಲ. ನನಗೆ ತುಂಬಾ ಇಷ್ಟವಾದ ಪದ ಅದು. ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ಪಾಠದಲ್ಲಿ ಹೇಳಿದ್ದು ಸರಿಯೇ. ಕೋಸ್ತಾ ರೀಕಾ ಅಂದರೆ ಸಿರಿವಂತ ಕರಾವಳಿ, ಪುಯೆರ್ತೊ ರೀಕೊ ಅಂದರೆ ಸಿರಿವಂತ ಬಂದರು. 'ಕೋಸ್ತಾ' ಸ್ತ್ರೀಲಿಂಗ, ಅದಕ್ಕೇ ರೀಕಾ. 'ಪುಯೆರ್ತೊ' ಪುಲ್ಲಿಂಗ. ನಮ್ಮಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ ಅಂದರೆ 'ಒಳ್ಳೆಯ' ಬದಲಾಗುವುದಿಲ್ಲ, ಅಲ್ವಾ? ಅಲ್ಲಿ ಬದಲಾಗಲೇಬೇಕು. ಈ ಎರಡು ಹೆಸರು ನೆನಪಿಟ್ಟುಕೋ, ಸಾಕು.

ದಿನಬಳಕೆಯಲ್ಲಿ ಈ ಪದ ಜಾಸ್ತಿ ಕೇಳಿಸುವುದು ಊಟದ ಹೊತ್ತಿನಲ್ಲೇ. ಮೊದಲ ತುತ್ತಿಗೆ 'ಕೆ ರೀಕೊ!' ಅಂದರೆ 'ಆಹಾ, ಏನು ರುಚಿ!'. ಸೂಪ್ ಚೆನ್ನಾಗಿದ್ದರೆ 'ಲಾ ಸೋಪಾ ಎಸ್ತಾ ರೀಕಾ'. ಇಲ್ಲಿರುವ 'ಎಸ್ತಾ' ಮೇಲೆ ಕಣ್ಣಿಡು. ಇಂಗ್ಲಿಷಿನ 'ಈಸ್'ಗೆ ಸ್ಪ್ಯಾನಿಷ್‌ನಲ್ಲಿ 'ಎಸ್', 'ಎಸ್ತಾ' ಅಂತ ಎರಡು ಕ್ರಿಯಾಪದ ರೂಪಗಳಿವೆ. ಯಾರನ್ನಾದರೂ 'ಎಸ್ ರೀಕಾ' ಅಂದರೆ ಅವಳು ಶ್ರೀಮಂತೆ. ಅದೇ ಹೆಂಗಸಿನ ಬಗ್ಗೆ 'ಎಸ್ತಾ ರೀಕಾ' ಅಂದರೆ ಅವಳ ಮೈಯನ್ನು ತಿನ್ನುವ ಹಾಗೆ ನೋಡಿ ಆಡಿದ ಕೀಳು ಮಾತು. ಕ್ರಿಯಾಪದ ಒಂದು ಬದಲಾದರೆ ಅಷ್ಟು ವ್ಯತ್ಯಾಸ. ಮನುಷ್ಯರ ಬಗ್ಗೆ ಈ ಪದ ಬಳಸುವಾಗ ದಯವಿಟ್ಟು ಹುಷಾರು. ಸ್ಪೇನ್‌ನಲ್ಲಿ ಮುದ್ದಾದ ಮಗುವನ್ನು ನೋಡಿ 'ಕೆ ರೀಕೊ' ಅನ್ನುವುದುಂಟು, ಅದು ಬರೀ ಪ್ರೀತಿ.

ಲ್ಯಾಟಿನ್ ಅಮೆರಿಕದಲ್ಲಿ ಇದು ಇನ್ನೂ ದೂರ ಹೋಗಿದೆ. ತಂಪು ಗಾಳಿ ಬೀಸಿದರೂ ರೀಕೊ, ಬಹಳ ದಿನದ ಮೇಲೆ ಗೆಳೆಯ ಸಿಕ್ಕರೂ ರೀಕೊ. 'ದೋರ್ಮೀ ರೀಕೊ' ಅಂದರೆ ಸೊಗಸಾಗಿ ನಿದ್ದೆ ಮಾಡಿದೆ. ಇಲ್ಲಿ ಹೇಳುವವಳು ಹೆಂಗಸಾದರೂ 'ರೀಕೊ' ಬದಲಾಗುವುದಿಲ್ಲ, ಯಾಕೆಂದರೆ ಅದು ನಿದ್ದೆ ಮಾಡಿದ ರೀತಿಯನ್ನು ಹೇಳುತ್ತಿದೆ.

ಇದರ ಹುಟ್ಟು ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಕಾಲದಲ್ಲಿ ಸ್ಪೇನ್ ಆಳಿದ ಗಾಥ್ ಜನರ ಭಾಷೆಯಲ್ಲಿ 'ರೀಕ್ಸ್' ಅಂದರೆ ಒಡೆಯ. ಅದರ ಹಿಂದಿರುವ ಬೇರು ನಮ್ಮ 'ರಾಜ'ನ ಬೇರೇ! ಈಗಿನ ಸ್ಪೇನ್‌ನಲ್ಲಿದ್ದ ಹಳೆಯ ಕಾಸ್ತೀಲ್ ರಾಜ್ಯದಲ್ಲಿ ದೊಡ್ಡ ಸರದಾರರಿಗೆ 'ರೀಕೊ ಓಂಬ್ರೆ' ಅನ್ನುತ್ತಿದ್ದರು ('ಓಂಬ್ರೆ' ಅಂದರೆ ಮನುಷ್ಯ). ಮೊದಲು ಅಧಿಕಾರ, ಆಮೇಲೆ ಹಣ, ಆಮೇಲೆ ರುಚಿ.

ಊಟ ತೀರಾ ಚೆನ್ನಾಗಿದ್ದರೆ 'ರಿಕೀಸಿಮೊ' ಅನ್ನು. ಪದದ ಮೊದಲ 'ರ'ಕ್ಕೆ ನಾಲಿಗೆ ಚೆನ್ನಾಗಿ ಅದುರಬೇಕು. ಹೇಳಿ ನೋಡಿ ನನಗೊಂದು ವಾಯ್ಸ್ ಮೆಸೇಜ್ ಕಳಿಸು.

ಇಂತಿ,
ನಿನ್ನ ಗೆಳೆಯ